ಕುಂಡ ಬೋರಲು ಹಾಕಿ, ಬೇರು ನೋಡಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ದೂರು: "ಎಲ್ಲಾ ಗೊಬ್ಬರ ಹಾಕಿದೆ, ಗಿಡ ಮಾತ್ರ ಏಳುತ್ತಿಲ್ಲ." ಹಾಕಿದ ಗೊಬ್ಬರದ ಹೆಸರನ್ನು ಎಲ್ಲರೂ ಬರೆದಿದ್ದೀರಿ. ಗಿಡ ಯಾವುದರಲ್ಲಿ ನಿಂತಿದೆ ಅಂತ ಬರೆದವರು ಇಬ್ಬರೇ. ಊಟಕ್ಕೇನು ಅಂತ ಕೇಳುವ ಮೊದಲು ಬೇರಿನ ಮನೆ ಹೇಗಿದೆ ಅಂತ ಕೇಳುವುದು ನನ್ನ ಚಟ. ತಿಪಟೂರು ಪಕ್ಕದಲ್ಲಿ 22 ವರ್ಷ ನರ್ಸರಿ ನಡೆಸಿದ್ದರಿಂದ ಅಂಟಿಕೊಂಡದ್ದು.

ತಾರಸಿಯಲ್ಲಿ ಹತ್ತು ಗ್ರೋ ಬ್ಯಾಗ್ ಇಟ್ಟಿದ್ದೇನೆ. ವಿಡಿಯೋ ನೋಡಿ ಬರೀ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿ ಟೊಮ್ಯಾಟೊ ನೆಟ್ಟೆ. ಹದಿನೈದು ದಿನಕ್ಕೊಮ್ಮೆ ಎರೆಗೊಬ್ಬರ, ಬೋರ್‌ವೆಲ್ ನೀರು. ಗಿಡ ಸೊಂಪಾಗಿದೆ. ಆದರೆ ಕಾಯಿಯ ತಳ ಕಪ್ಪಾಗಿ ಒಳಕ್ಕೆ ಕುಸಿಯುತ್ತಿದೆ. ಯಾವ ಔಷಧ ಹೊಡೆಯಲಿ?
*— ಗೃಹಿಣಿ, ವಿಜಯನಗರ, ಬೆಂಗಳೂರು*

ಯಾವ ಔಷಧವೂ ಬೇಡ. ಅದು ಅಂಟುರೋಗ ಅಲ್ಲ. ಕಾಯಿಯ ತುದಿಗೆ ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶ, ತಲುಪಿಲ್ಲ.

ಸುಣ್ಣ ಗಿಡದೊಳಗೆ ಹತ್ತುವುದು ನೀರಿನ ಜೊತೆಗೆ. ನೀರು ಜಾಸ್ತಿ ಹರಿಯುವುದು ಎಲೆಗೆ, ಯಾಕೆಂದರೆ ಬಿಸಿಲಿಗೆ ಆವಿ ಬಿಡುವುದು ಎಲೆ. ಕಾಯಿ ಪಾಪ, ಪಂಕ್ತಿಯ ಕೊನೆಗೆ ಕೂತವರ ಹಾಗೆ. ಬಡಿಸುವವರು ಅಲ್ಲಿಗೆ ಬರುವಷ್ಟರಲ್ಲಿ ಪಾತ್ರೆ ಖಾಲಿ. ಒಂದು ದಿನ ನೀರು ತಪ್ಪಿ ಮಾರನೇ ದಿನ ಎರಡು ಕೊಡ ಸುರಿದರೆ ಮೊದಲು ಪೆಟ್ಟು ತಿನ್ನುವುದು ಈ ಕಾಯಿಯೇ. ನಿಮ್ಮ ಗಿಡ ಸೊಂಪಾಗಿದೆ ಅಂದಿರಲ್ಲ, ಅಲ್ಲೂ ಒಂದು ಸುಳಿವಿದೆ. ಹದಿನೈದು ದಿನಕ್ಕೊಮ್ಮೆ ಎರೆಗೊಬ್ಬರ ಕೊಟ್ಟು ಎಲೆ ಬೆಳೆಸಿದ್ದೀರಿ. ಎಲೆ ಹೆಚ್ಚಿದಷ್ಟೂ ಪಂಕ್ತಿ ಉದ್ದ.

ಇನ್ನು ಕೊಕೊಪೀಟ್. ಅದನ್ನು ನಾನು ಬಯ್ಯಲ್ಲ. 5 ಕೆಜಿ ಇಟ್ಟಿಗೆ ನೆನೆಸಿದರೆ 70 ಲೀಟರಿನಷ್ಟು ಉಬ್ಬುತ್ತದೆ. ತನ್ನ ತೂಕದ ಏಳೆಂಟು ಪಟ್ಟು ನೀರು ಹಿಡಿದುಕೊಂಡೂ ಬೇರಿಗೆ ಗಾಳಿ ಬಿಡುತ್ತದೆ. ತಾರಸಿಗೆ ಭಾರವೂ ಕಡಿಮೆ. ಆದರೆ ಅದರಲ್ಲಿ ಗಿಡಕ್ಕೆ ತಿನ್ನಲು ಹೆಚ್ಚೇನೂ ಇಲ್ಲ. ಇರುವುದು ಪೊಟ್ಯಾಶ್ ಮತ್ತು ಉಪ್ಪು. ಅವೆರಡನ್ನು ಬಿಟ್ಟುಕೊಟ್ಟು, ನೀವು ಕೊಟ್ಟ ಕ್ಯಾಲ್ಸಿಯಂ ಅನ್ನು ತಾನೇ ಹಿಡಿದಿಟ್ಟುಕೊಳ್ಳುವ ಗುಣ ಅದಕ್ಕಿದೆ. ಅದಕ್ಕೇ ಪಾಲಿಹೌಸಿನವರು ನಾಟಿಗೆ ಮೊದಲೇ ಅದನ್ನು ಕ್ಯಾಲ್ಸಿಯಂ ನೈಟ್ರೇಟ್ ನೀರಿನಲ್ಲಿ ನೆನೆಸಿ ತೊಳೆಯುತ್ತಾರೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರೂ ಬರೀ ಕೊಕೊಪೀಟಿನಲ್ಲಿ ತರಕಾರಿ ಬೆಳೆದು ತೋರಿಸಿದ್ದಾರೆ. ಆದರೆ ಜೊತೆಗೆ 'ಅರ್ಕ ಸಸ್ಯ ಪೋಷಕ ರಸ' ಅನ್ನುವ ದ್ರಾವಣವನ್ನು ಅಳೆದು ಕೊಡುತ್ತಾರೆ. ವಿಡಿಯೋದವರು ಚೀಲ ತೋರಿಸುತ್ತಾರೆ, ಬಾಟಲಿ ತೋರಿಸಲ್ಲ.

ಈಗ ಕೆಟ್ಟ ಕಾಯಿ ಕಿತ್ತು ಹಾಕಿ. ಬೇಸಿಗೆ ಮುಗಿಯುವ ತನಕ ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ನೀರು ಕೊಡಿ. ಮೇಲೆ ಒಣಗಿದೆ ಅಂತ ಸುರಿಯಬೇಡಿ, ಎರಡು ಇಂಚು ಬೆರಳು ಇಳಿಸಿ ನೋಡಿ. ಎರೆಗೊಬ್ಬರ ಒಂದು ತಿಂಗಳು ನಿಲ್ಲಿಸಿ. ಮುಂದಿನ ಸಲ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ತೊಳೆದ ಕೊಕೊಪೀಟ್ ಬೆರೆಸಿ ತುಂಬಿ. ಭಾರದ ಚಿಂತೆ ಇದ್ದರೆ ಮಣ್ಣನ್ನು ಒಂದು ಪಾಲಿಗೆ ಇಳಿಸಿ, ಕರಕಲು ಭತ್ತದ ಹೊಟ್ಟು ಸೇರಿಸಿ. ತಳಕ್ಕೆ ಜಲ್ಲಿ ಹಾಕುವುದು ಬೇಡ. ನೀರು ಬೇಗ ಇಳಿಯುತ್ತದೆ ಅಂತ ಎಲ್ಲರೂ ಹಾಕುತ್ತಾರೆ. ಆಗುವುದು ಉಲ್ಟಾ: ನೀರು ಜಲ್ಲಿಗೆ ಇಳಿಯದೆ ಅದರ ಮೇಲಿನ ಮಣ್ಣಲ್ಲೇ ನಿಲ್ಲುತ್ತದೆ, ಬೇರಿನ ಜಾಗ ಕಡಿಮೆಯಾಗುತ್ತದೆ. ತೂತು ಸರಿಯಿದ್ದರೆ ಸಾಕು.

ಮೊಟ್ಟೆ ಸಿಪ್ಪೆ ಹಾಕಲಾ ಅಂತಲೂ ಕೇಳಿದ್ದೀರಿ. ಹಾಕಿ, ತಪ್ಪಿಲ್ಲ. ಆದರೆ ಅದು ಕರಗುವಷ್ಟರಲ್ಲಿ ಈ ಟೊಮ್ಯಾಟೊ ಗಿಡ ಇರಲ್ಲ. ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳ ಒಮ್ಮೆ ನೋಡಿ. ಬಿಳಿ ಪದರ ಕಟ್ಟಿದ್ದರೆ ಸುಣ್ಣ ಅದರಲ್ಲೇ ಬೇಕಾದಷ್ಟಿದೆ.

ನಾರಿನ ಮಿಲ್ಲಿನ ಹಿಂದೆ ನಾರಿನ ಪುಡಿ ಗುಡ್ಡೆ ಬಿದ್ದಿದೆ, ಪುಕ್ಕಟೆ. ತೋಟಕ್ಕೆ ನೇರ ಸುರಿಯಬಹುದಾ? ಮಗಳು ಅದರಲ್ಲೇ ಸಸಿ ಮಡಿಯನ್ನೂ ಮಾಡೋಣ ಅನ್ನುತ್ತಾಳೆ.
*— ತೆಂಗು ಬೆಳೆಗಾರರು, ಅರಸೀಕೆರೆ ತಾಲ್ಲೂಕು*

ಮಗಳಿಗೆ ನನ್ನ ಕಥೆ ಹೇಳಿ.

ನರ್ಸರಿಯ ಮೊದಲ ವರ್ಷ. ಒಂದು ಮಿಲ್ಲಿನಿಂದ ಎರಡು ಟ್ರ್ಯಾಕ್ಟರ್ ಪುಡಿ ಪುಕ್ಕಟೆ ಬಂತು. ನನಗೋ ಹಬ್ಬ. 98 ಗುಳಿಯ 40 ಟ್ರೇ ತುಂಬಿ ಮೆಣಸಿನಕಾಯಿ ಬೀಜ ಹಾಕಿದೆ. ಮೊಳಕೆ ಬಂತು. ಎರಡೆಲೆ ಬಿಟ್ಟು ಅಲ್ಲೇ ನಿಂತಿತು. ಆಮೇಲೆ ಹಳದಿ. ಆಮೇಲೆ ಎಲೆಯ ತುದಿ ಸುಟ್ಟ ಹಾಗೆ. ಸಗಣಿ ನೀರು ಕೊಟ್ಟೆ, ಏನೂ ಆಗಲಿಲ್ಲ. ಯೂರಿಯಾ ನೀರು ಕೊಟ್ಟೆ, ಇನ್ನೂ ಕೆಟ್ಟಿತು. ನಮ್ಮ ಮಾವನವರು ಬಂದು ಒಂದು ಚಿಟಿಕೆ ಪುಡಿ ಬಾಯಿಗೆ ಹಾಕಿಕೊಂಡು ತೂ ಅಂತ ಉಗಿದರು. "ಉಪ್ಪು ಕಣಮ್ಮ" ಅಂದರು. ಅಷ್ಟೂ ಸಸಿ ತಿಪ್ಪೆಗೆ ಹೋಯಿತು. ಮುಂಗಡ ಕೊಟ್ಟ ರೈತರಿಗೆ ದುಡ್ಡು ವಾಪಸ್ ಮಾಡಿದೆ.

ಉಪ್ಪು ಒಂದು ಕಡೆಯಾದರೆ, ಇನ್ನೊಂದು ಹಸಿವಿನ ಲೆಕ್ಕ. ಹಸಿ ನಾರಿನ ಪುಡಿಯಲ್ಲಿ ಒಂದು ಪಾಲು ಸಾರಜನಕಕ್ಕೆ ನೂರಕ್ಕೂ ಹೆಚ್ಚು ಪಾಲು ಇಂಗಾಲ. ಅದನ್ನು ಕೊಳೆಸಲು ಬರುವ ಸೂಕ್ಷ್ಮಜೀವಿಗಳಿಗೂ ಸಾರಜನಕ ಬೇಕು. ಗಿಡಕ್ಕಿಂತ ಮೊದಲು ಅವೇ ಊಟಕ್ಕೆ ಕೂರುತ್ತವೆ. ಮರದ ಹೊಟ್ಟು ಹಾಕಿದರೂ ಇದೇ ಪಾಡು.

ಚೆನ್ನಾಗಿ ಕಳಿತ ಮೇಲೆ ಬಳಸಿ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ವಿಧಾನವನ್ನು ಎಷ್ಟೋ ಜನ ಮಾಡುತ್ತಾರೆ: ಒಂದು ಟನ್ ಪುಡಿಗೆ 5 ಕೆಜಿ ಯೂರಿಯಾ, ಐದು ಪೊಟ್ಟಣ ಚಿಪ್ಪಣಬೆ ಬೀಜ. ನೆರಳಿನಲ್ಲಿ ಒಂದು ಪದರ ಪುಡಿ, ಮೇಲೆ ಅಣಬೆ ಬೀಜ, ಮತ್ತೆ ಪುಡಿ, ಮೇಲೆ ಯೂರಿಯಾ, ಹೀಗೆ ಪೇರಿಸಿ ತೇವ ಆರದಂತೆ ನೋಡಿಕೊಳ್ಳಬೇಕು. ಎರಡು ತಿಂಗಳಲ್ಲಿ ಕಪ್ಪಗಾಗಿ ಕುಗ್ಗುತ್ತದೆ. ನೂರರ ಮೇಲಿದ್ದ ಇಂಗಾಲದ ಲೆಕ್ಕ 24ರ ಆಸುಪಾಸಿಗೆ ಇಳಿಯುತ್ತದೆ. ಯೂರಿಯಾ ಮುಟ್ಟದವರು ಕೋಳಿಗೊಬ್ಬರ ಬೆರೆಸುತ್ತಾರೆ. ಆಮೇಲೂ ನಂಬಿಬಿಡಬೇಡಿ. ಒಂದು ಬಟ್ಟಲಲ್ಲಿ ಆ ಪುಡಿ, ಇನ್ನೊಂದರಲ್ಲಿ ತೋಟದ ಮಣ್ಣು ಹಾಕಿ ಇಪ್ಪತ್ತಿಪ್ಪತ್ತು ರಾಗಿ ಕಾಳು ಚೆಲ್ಲಿ. ವಾರದಲ್ಲಿ ಎರಡೂ ಒಂದೇ ಸಮ ಬಂದರೆ ಟ್ರೇ ತುಂಬಿ. ಈ ಪರೀಕ್ಷೆಗೆ ಖರ್ಚೇನಿದೆ? ಆಗ ನನಗೆ ಹೊಳೆಯಲಿಲ್ಲ ಅಷ್ಟೇ.

ತೆಂಗಿನ ಮರದ ವಿಷಯ ಬೇರೆ. ತೆಂಗು ಉಪ್ಪಿಗೆ ಹೆದರುವ ಮರ ಅಲ್ಲ, ಪೊಟ್ಯಾಶ್ ಅಂದರೆ ಅದಕ್ಕೆ ಇಷ್ಟ. ಪುಡಿಯನ್ನು ಪಾತಿಯ ಮೇಲೆ ಹೊದಿಕೆಯಾಗಿ ಹರಡಿ, ಮಣ್ಣಿಗೆ ಬೆರೆಸಬೇಡಿ. ಸಿಪ್ಪೆ ಇದ್ದರೆ ಇನ್ನೂ ಒಳ್ಳೆಯದು. ಸಾಲಿನ ನಡುವೆ ಕಾಲುವೆ ತೋಡಿ, ಬಟ್ಟಲಿನ ಬಾಯಿ ಮೇಲೆ ಬರುವಂತೆ ಸಿಪ್ಪೆ ಜೋಡಿಸಿ ಮಣ್ಣು ಮುಚ್ಚಿ. ಮಳೆ ನೀರನ್ನು ಹಿಡಿದಿಟ್ಟು ಐದಾರು ವರ್ಷ ಕೆಲಸ ಮಾಡುತ್ತದೆ.

ಎರಡು ಎಕರೆ ಮಳೆಯಾಶ್ರಿತ ರಾಗಿ. ಎರಡು ವರ್ಷದಿಂದ ಜೀವಾಮೃತ ಬಿಟ್ಟು ಬೇರೇನೂ ಹಾಕಿಲ್ಲ. ಮೊದಲ ವರ್ಷ ಪರವಾಗಿಲ್ಲ, ಈ ವರ್ಷ ತೆನೆ ಸಣ್ಣ. ನಾನು ಮಾಡುವ ಕ್ರಮ ತಪ್ಪಾ?
*— ಮಾಗಡಿ ಕಡೆಯ ಯುವ ರೈತರು*

ಕ್ರಮ ಸರಿಯಿದೆ. ಲೆಕ್ಕ ತಪ್ಪಿದೆ. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಅವರ ಅಳತೆಯನ್ನೇ ನೀವೂ ಬರೆದಿದ್ದೀರಿ: 200 ಲೀಟರ್ ನೀರು, 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಇಷ್ಟರಲ್ಲಿ ಇರುವ ಸಾರಜನಕ ಎಲ್ಲಾ ಸೇರಿಸಿದರೂ ಕಾಲು ಕೆಜಿ ಮುಟ್ಟುವುದು ಕಷ್ಟ. ಮಳೆಯಾಶ್ರಿತ ರಾಗಿಗೆ ಶಿಫಾರಸು ಎಕರೆಗೆ ಸುಮಾರು 20 ಕೆಜಿ. ಜೀವಾಮೃತ ಹೆಪ್ಪು ಇದ್ದ ಹಾಗೆ. ಒಳ್ಳೇ ಹೆಪ್ಪು. ಆದರೆ ಪಾತ್ರೆಯಲ್ಲಿ ಹಾಲೇ ಇಲ್ಲದಿದ್ದರೆ ಮೊಸರು ಎಲ್ಲಿಂದ ಬರಬೇಕು? ಪಾಳೇಕರ್ ಅವರೂ ಹೊದಿಕೆ, ಮಿಶ್ರ ಬೆಳೆ ಎರಡನ್ನೂ ಒತ್ತಿ ಹೇಳಿದ್ದಾರೆ. ನಮ್ಮವರು ಡ್ರಮ್ ಒಂದನ್ನೇ ಮನೆಗೆ ತಂದರು.

ಹಾಲು ಅಂದರೆ ಕೊಟ್ಟಿಗೆ ಗೊಬ್ಬರ, ಎಕರೆಗೆ ಮೂರು ಟನ್. ಟನ್ನಿಗೆ 5 ಕೆಜಿ ಸಾರಜನಕ ಅಂತ ಹಿಡಿದರೂ, ಅದರಲ್ಲಿ ಒಂದು ಪಾಲು ಮಾತ್ರ ಈ ವರ್ಷ ಸಿಗುತ್ತದೆ, ಉಳಿದದ್ದು ನಿಧಾನಕ್ಕೆ. ಅಷ್ಟು ದನ ಎಲ್ಲಿವೆ ಅಂತ ಕೇಳುತ್ತೀರಿ, ಗೊತ್ತು. ಬದುವಿಗೆ ಗ್ಲಿರಿಸಿಡಿಯಾ ನೆಟ್ಟು ಸೊಪ್ಪು ಕಡಿದು ಹಾಕಿ. ಮುಂಗಾರಿಗೆ ಮೊದಲು ಒಳ್ಳೇ ಮಳೆ ಬಿದ್ದರೆ ಸೆಣಬು ಬಿತ್ತಿ ಹೂವಿಗೆ ಬಂದಾಗ ಉತ್ತು ಮಣ್ಣಿಗೆ ಸೇರಿಸಿ. ಅಕ್ಕಡಿ ಸಾಲಿನಲ್ಲಿ, ಅಂದರೆ ರಾಗಿಯ ನಡುವೆ ಬೇರೆ ಬೆಳೆಗೆ ಬಿಡುವ ಸಾಲಿನಲ್ಲಿ, ಅವರೆ, ತೊಗರಿ ಇರಲಿ. ನಿಮ್ಮ ತಾತ ಇಟ್ಟೇ ಇಡುತ್ತಿದ್ದರು, ಕೊಯ್ಲು ಯಂತ್ರಕ್ಕೆ ಅಡ್ಡ ಅಂತ ನಾವು ತೆಗೆದೆವು. ಆಮೇಲೆ ಜೀವಾಮೃತ ಧಾರಾಳವಾಗಿ ಕೊಡಿ.

ಪಾಲಿಥೀನ್ ಚೀಲದಲ್ಲಿ ಕಾಳುಮೆಣಸಿನ ಬಳ್ಳಿ ತುಂಡು ಹಾಕುತ್ತೇನೆ. ಮಳೆಗಾಲದಲ್ಲಿ ಅರ್ಧಕ್ಕರ್ಧ ಕಪ್ಪಾಗಿ ಕೊಳೆಯುತ್ತವೆ. ದರಕಿನ (ಉದುರಿದ ಒಣ ಎಲೆಯ) ಗೊಬ್ಬರ ಧಾರಾಳ ಹಾಕಿದ್ದೇನೆ.
*— ಅಡಿಕೆ ಬೆಳೆಗಾರರು, ಶಿರಸಿ*

ಆ ಧಾರಾಳವೇ ತೊಂದರೆ ಅಂತ ನನ್ನ ಅನುಮಾನ. ಸೊಪ್ಪಿನ ಬೆಟ್ಟದ ದರಕು ಕೊಟ್ಟಿಗೆಯಲ್ಲಿ ತುಳಿದು ಬಂದದ್ದು ಅಡಿಕೆ ಮರಕ್ಕೆ ಅಮೃತ. ಅರ್ಧ ಕಳಿತದ್ದನ್ನು ಅಂಗೈಯಗಲದ ಚೀಲಕ್ಕೆ ತುಂಬಿದರೆ ಒದ್ದೆ ಬಟ್ಟೆ ತುರುಕಿದ ಹಾಗೆ. ತುಂಡಿಗೆ ಇನ್ನೂ ಬೇರೇ ಇಲ್ಲ, ಅದಕ್ಕೆ ಗೊಬ್ಬರ ಬೇಡ, ಗಾಳಿ ಬೇಕು. ಎರಡು ಪಾಲು ಮಣ್ಣು, ಒಂದು ಮರಳು, ಒಂದು ಪೂರ್ತಿ ಕಳಿತ ಗೊಬ್ಬರ ಸಾಕು. ಏಪ್ರಿಲ್ ಬಿಸಿಲಲ್ಲಿ ಮಣ್ಣನ್ನು ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಒಂದು ತಿಂಗಳು ಬೇಯಿಸಿ. ಆಮೇಲೆ ಟ್ರೈಕೋಡರ್ಮಾ (ಕೊಳೆರೋಗ ತಡೆಯುವ ಒಳ್ಳೇ ಶಿಲೀಂಧ್ರ) ಬೆರೆಸಿ. ಮೊದಲೇ ಬೆರೆಸಿದರೆ ಅದೂ ಬೇಯುತ್ತದೆ. ಕೋಯಿಕ್ಕೋಡಿನ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಮಣ್ಣನ್ನೇ ಬಿಟ್ಟು, ಮೂರು ಪಾಲು ಕಳಿತ ನಾರಿನ ಪುಡಿ, ಒಂದು ಪಾಲು ಎರೆಗೊಬ್ಬರ, ಜೊತೆಗೆ ಟ್ರೈಕೋಡರ್ಮಾ ಹಾಕಿ ಟ್ರೇಗಳಲ್ಲಿ ಬಳ್ಳಿ ಎಬ್ಬಿಸುತ್ತದೆ. ಈ ಮಳೆಗಾಲಕ್ಕೆ ಐವತ್ತು ತುಂಡು ಹಾಗೆ ಹಾಕಿ ನೋಡಿ.

ಸಾವಯವದಲ್ಲಿ ಬೆಳೆದ ಟೊಮ್ಯಾಟೊಗೆ ರುಚಿ ಜಾಸ್ತಿ ಅನ್ನುವುದು ನಿಜವೇ?
*— ನಿವೃತ್ತ ಶಿಕ್ಷಕರು, ಮೈಸೂರು*

ಸಾವಯವ ಅಂದ ಮಾತ್ರಕ್ಕೆ ರುಚಿ ಅಂತ ನಾನು ಹೇಳಲ್ಲ, ಬಯ್ಯುವವರು ಬಯ್ಯಲಿ. ಮೊದಲ ಮಾತು ತಳಿಯದ್ದು. ಹುಳಿ ಬೇಕಾದರೆ ನಾಟಿ ತಳಿಯೇ ಬೇಕು. ಆಮೇಲೆ ನೀರು: ಹಣ್ಣಾಗುವಾಗ ನೀರು ಸ್ವಲ್ಪ ಕಡಿಮೆ ಮಾಡಿದರೆ ರಸ ಗಟ್ಟಿಯಾಗುತ್ತದೆ. ಮೂರನೆಯದು ಸಾರಜನಕ. ಅತಿಯಾದರೆ ಹಣ್ಣು ಮೆತ್ತಗೆ, ನೀರು ನೀರು, ಬುಟ್ಟಿಯಲ್ಲಿ ಎರಡು ದಿನ ನಿಲ್ಲಲ್ಲ. ಅದು ಯೂರಿಯಾದಿಂದ ಬಂತೋ ಕೋಳಿಗೊಬ್ಬರದಿಂದ ಬಂತೋ ಹಣ್ಣು ಕೇಳುವುದಿಲ್ಲ. ಕಳಿತ ಗೊಬ್ಬರ ಹೊಟ್ಟೆಗೆ ನಿಧಾನವಾಗಿ ಬಡಿಸುತ್ತದೆ, ಅತಿ ಆಗುವುದು ಕಡಿಮೆ. ಒಳ್ಳೇ ಸಾವಯವ ಹಣ್ಣಿನ ಗುಟ್ಟು ಬಹುಪಾಲು ಅಷ್ಟೇ. ಒಲೆಯ ಬೂದಿಯಲ್ಲಿ ಪೊಟ್ಯಾಶ್ ಇದೆ, ಗಿಡಕ್ಕೊಂದು ಹಿಡಿ ಸಾಕು. ಸಗಣಿ ಜೊತೆ ಕಲಸಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ.

ಚುಟುಕಾಗಿ ಒಂದಿಷ್ಟು

*ಹರಳಿಂಡಿ ಗುಲಾಬಿಗೆ ಹಾಕಬಹುದಾ? (ಹಾಸನ)* ಚೆನ್ನಾಗಿದೆ, ಬೇವಿನ ಹಿಂಡಿಯಷ್ಟೇ ಸತ್ವ. ಮನೆಯಲ್ಲಿ ನಾಯಿ ಇದ್ದರೆ ಮಾತ್ರ ಬೇಡ. ಹರಳಿನ ಬೀಜದ ವಿಷ ಹಿಂಡಿಯಲ್ಲೂ ಉಳಿದಿರಬಹುದು. ಮೂಳೆ ಪುಡಿ ಬೆರೆಸಿಬಿಟ್ಟರಂತೂ ನಾಯಿ ವಾಸನೆ ಹಿಡಿದು ಅಗೆದು ತಿನ್ನುತ್ತದೆ.

*ಕ್ಯಾರೆಟ್ ಕವಲೊಡೆಯುತ್ತದೆ. (ಚಿಕ್ಕಬಳ್ಳಾಪುರ)* ಕಲ್ಲು ಆರಿಸಿ. ಹಸಿ ಗೊಬ್ಬರವನ್ನು ಹಿಂದಿನ ಬೆಳೆಗೆ ಹಾಕಿ, ಕ್ಯಾರೆಟ್‌ಗೆ ಬೇಡ.

*ಟೀ ಚರಟ ಹಾಕಿದರೆ ನೊಣ. (ದಾವಣಗೆರೆ)* ಸಕ್ಕರೆ ತೊಳೆದು, ಒಣಗಿಸಿ ಹಾಕಿ.

*ಕುಂಡದ ಕರಿಬೇವು ಚಳಿಗಾಲದಲ್ಲಿ ಎಲೆ ಉದುರಿಸುತ್ತದೆ, ಮೀನಿನ ಗೊಬ್ಬರ ಕೊಡುತ್ತಿದ್ದೇನೆ. (ನ್ಯೂಜೆರ್ಸಿ)* ಅದು ಮಲಗಿದೆ, ಎಬ್ಬಿಸಿ ಉಣ್ಣಿಸಬೇಡಿ. ಕಿಟಕಿ ಬಿಸಿಲಿಗೆ ಇಡಿ, ನೀರು ಕಡಿಮೆ ಮಾಡಿ. ಏಪ್ರಿಲ್‌ನಲ್ಲಿ ಹೊಸ ಚಿಗುರು ಬಂದ ಮೇಲೆ ಊಟ.

ಕೊನೆಗೆ, ಲಕೋಟೆಯಲ್ಲಿ ನಿಂಬೆ ಎಲೆ ಕಳಿಸಿದ ಗದಗಿನ ಓದುಗರಿಗೆ: ಎಲೆ ಇಲ್ಲಿಗೆ ಬರುವಷ್ಟರಲ್ಲಿ ಪುಡಿಯಾಗಿತ್ತು. ಎಲೆ ಹಳದಿ ಅಂದಿರಿ. ಹಳೇ ಎಲೆಯೋ, ತುದಿಯ ಹೊಸ ಎಲೆಯೋ? ಹಳೆಯದಾದರೆ ಸಾರಜನಕದ ಕೊರತೆ ಇರಬಹುದು. ಹೊಸದಾಗಿ, ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ್ದು. ನಿಮ್ಮ ಕಪ್ಪು ಎರೆಮಣ್ಣಿನಲ್ಲಿ ಸುಣ್ಣ ಜಾಸ್ತಿ ಇರುವುದರಿಂದ ನನ್ನ ಊಹೆ ಎರಡನೆಯದು. ಕುಂಡದ ಗಿಡ ಅಲ್ವಾ? ಒಂದು ದಿನ ನೀರು ಹಾಕದೆ ಬಿಟ್ಟು, ಬೋರಲು ಮಾಡಿ ಮೆಲ್ಲಗೆ ಜಾರಿಸಿ. ಬೇರು ಬಿಳಿಯಿದೆಯೋ ಕಂದಾಗಿದೆಯೋ ನೋಡಿ, ಒಂದು ಫೋಟೋ ಕಳಿಸಿ.