ಜಾಜಿ ಕಡ್ಡಿ ಚಿಗುರಿ ಒಣಗುವುದೇಕೆ?

ಪ್ರಶ್ನೆ: ನಮ್ಮ ಅಂಗಳದ ಚಪ್ಪರಕ್ಕೆ ಹಬ್ಬಿರುವ ಜಾಜಿಯ ಕಡ್ಡಿಗಳನ್ನು ಎರಡು ಬಾರಿ ನೆಟ್ಟೆ. ಚಿಗುರಿದ ಮೇಲೆ ಒಣಗಿಹೋದವು. ಕಾರಣವೇನು?

ಉತ್ತರ: ಕಡ್ಡಿಯಲ್ಲಿ ಕೂಡಿಟ್ಟ ಆಹಾರದಿಂದಲೇ ಮೊದಲ ಚಿಗುರು ಹೊರಡುವುದರಿಂದ, ಅದು ಬೇರು ಬಂದ ಗುರುತಲ್ಲ, ಬೇರೊಡೆಯುವ ಮೊದಲೇ ಆ ಆಹಾರ ಮುಗಿದರೆ ಅಥವಾ ಅತಿಯಾದ ನೀರಿನಿಂದ ಬುಡ ಕೊಳೆತರೆ ಚಿಗುರು ಬಾಡುತ್ತದೆ. ತೀರಾ ಎಳೆಯದೂ ಅಲ್ಲದ, ಪೂರ್ಣ ಬಲಿತದ್ದೂ ಅಲ್ಲದ ಬಳ್ಳಿಯಿಂದ 15–20 ಸೆಂ.ಮೀ. ಉದ್ದದ, ಮೂರು–ನಾಲ್ಕು ಗೆಣ್ಣುಗಳಿರುವ ಕಡ್ಡಿಯನ್ನು ಮಳೆಗಾಲದ ಆರಂಭದಲ್ಲಿ ಗೆಣ್ಣಿನ ಕೆಳಗೇ ಕತ್ತರಿಸಿ, ತುದಿಯ ಎರಡು ಎಲೆಗಳನ್ನಷ್ಟೇ ಉಳಿಸಿ, ಎರಡು ಗೆಣ್ಣುಗಳು ಹೂಳುವಂತೆ ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟು ನೆರಳಿನಲ್ಲಿಡಿ. ಬೇರು ಬಂದಿದೆಯೇ ಎಂದು ಕಿತ್ತು ನೋಡುವ ಚಪಲ ಬೇಡ. ಕಡ್ಡಿಗಳು ಮತ್ತೆ ಒಣಗಿದರೆ, ತಾಯಿಬಳ್ಳಿಯ ಕೊಂಬೆಯೊಂದನ್ನು ಬಗ್ಗಿಸಿ ಮಣ್ಣಿನಲ್ಲಿ ಹೂತು, ಬೇರು ಬಂದ ಮೇಲೆ ಬೇರ್ಪಡಿಸುವುದು ಹೆಚ್ಚು ಖಚಿತವಾದ ದಾರಿ.