ಬೊಟಾಕ್ಸ್ ಇಂಜೆಕ್ಷನ್ ಕೊಡಿಸಿದ್ರೆ ನರ ಸತ್ತೋಗುತ್ತಾ?

ಪ್ರಶ್ನೆ: ನಮ್ಮ ಆಯಿಗೆ ಎರಡೂ ಕಣ್ಣಿನ ರೆಪ್ಪೆ ತನ್ನಷ್ಟಕ್ಕೇ ಬಿಗಿಯಾಗಿ ಮುಚ್ಕೊಳ್ಳೋ ತೊಂದ್ರೆ. ಡಾಕ್ಟರ್ ಬೊಟಾಕ್ಸ್ ಕೊಟ್ರು, ಆರಾಮಾಯ್ತು, ಮೂರೂವರೆ ತಿಂಗಳಿಗೆ ಮತ್ತೆ ಶುರು. ಇದು ನರದೊಳಗಿನ ಕೆಮಿಕಲ್ ಖಾಲಿ ಮಾಡುತ್ತಾ? ಪದೇ ಪದೇ ಕೊಡಿಸಿದ್ರೆ ನರ ಸತ್ತೋಗಲ್ವಾ?
(ಶಿರಸಿಯ ಓದುಗರು)

ಉತ್ತರ: ನರ ಸಾಯಲ್ಲ, ಕೆಮಿಕಲ್ಲೂ ಖಾಲಿ ಆಗಲ್ಲ, ಹೆದರಬೇಡಿ. ಎಲ್ಲಾ ತುಂಬ್ಕೊಂಡೇ ಇರುತ್ತೆ, ಹೊರಗೆ ಬರೋಕೆ ದಾರಿ ಇರಲ್ಲ ಅಷ್ಟೇ.

ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಸಣ್ಣ ಸಣ್ಣ ಚೀಲಗಳಲ್ಲಿರುತ್ತೆ, ಸ್ನಾಯುಗೆ ಬಿಗಿ ಅನ್ನೋ ಆರ್ಡರ್ ಮುಟ್ಟಿಸೋದು ಇದೇ. ಒಂದು ಚೀಲ ಸುಮಾರು 40 ನ್ಯಾನೋಮೀಟರ್, ಅಂದ್ರೆ ಒಂದು ಮಿಲಿಮೀಟರ್ ಜಾಗದಲ್ಲಿ 25,000 ಚೀಲ ಸಾಲಾಗಿ ಇಡಬಹುದು, ಅಷ್ಟು ಚಿಕ್ಕದ್ರೊಳಗೆ ಸಾವಿರಾರು ಅಣು. ಅದನ್ನ ತುಂಬೋ ರೀತಿ ನಂಗೆ ಎಷ್ಟು ಸಲ ಓದಿದ್ರೂ ಖುಷಿ: ಚೀಲದ ಗೋಡೆಯಲ್ಲಿರೋ ಪಂಪು ಪ್ರೋಟಾನ್‌ಗಳನ್ನ ಒಳಗೆ ತಳ್ಳಿ ಒಳಗೆಲ್ಲಾ ಹುಳಿ ಮಾಡುತ್ತೆ, ಆಮೇಲೆ ಆ ಪ್ರೋಟಾನ್ ವಾಪಸ್ ಹೊರಗೆ ಬರೋವಾಗ ಅದಕ್ಕೆ ಬದಲಿಯಾಗಿ ಅಸಿಟೈಲ್‌ಕೋಲಿನ್ ಒಳಗೆ ಹೋಗುತ್ತೆ.

ತುಂಬಿದ ಚೀಲಗಳಲ್ಲಿ ಕೆಲವು ನರದ ಪೊರೆಗೆ ಅಂಟ್ಕೊಂಡು ರೆಡಿ ನಿಂತಿರ್ತಾವೆ, ಲಾರಿ ಬರೋ ಮುಂಚೆನೇ ಅಡಿಕೆ ಚೀಲ ಹೊಲಿದು ಬಾಗಿಲ ಹತ್ರ ಪೇರಿಸಿಟ್ಟ ಹಂಗೆ. ನರದಲ್ಲಿ ಸಿಗ್ನಲ್ ಬಂದ ತಕ್ಷಣ ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗುತ್ತೆ, ಒಂದು ಮಿಲಿಸೆಕೆಂಡಿಗಿಂತ ಕಮ್ಮಿ ಟೈಮಲ್ಲಿ ಚೀಲ ಬಾಯಿ ಬಿಡುತ್ತೆ. ಆದ್ರೆ ಇಲ್ಲಿ ಚೀಲನೇ ಹೊರಗೆ ಹೋಗಲ್ಲ. ಸಾರಿನ ಮೇಲಿನ ಎರಡು ಎಣ್ಣೆ ಹನಿ ಕೂಡ್ಕೊಳ್ಳೋ ಹಂಗೆ ಚೀಲದ ಪೊರೆ ನರದ ಪೊರೆ ಜೊತೆ ಕೂಡಿ, ಒಳಗಿದ್ದದ್ದು ಸ್ನಾಯು ಕಡೆ ಚೆಲ್ಲುತ್ತೆ, ಖಾಲಿ ಪೊರೆ ವಾಪಸ್ ಒಳಗೆ ಬಂದು ಮತ್ತೆ ತುಂಬುತ್ತೆ. ಹಿಂಗೆ ಕಟ್ಟು ಕಟ್ಟಾಗೇ ಹೊರಬೀಳುತ್ತೆ ಅನ್ನೋ ಸುಳಿವು ಸಿಕ್ಕಿದ್ದು ಕಪ್ಪೆಯ ಸ್ನಾಯುವಿನಲ್ಲಿ, 1952ರಲ್ಲಿ ಫ್ಯಾಟ್ ಮತ್ತು ಕಾಟ್ಜ್ ಪ್ರಯೋಗದಿಂದ.

ಪೊರೆಗಳು ಎಣ್ಣೆ ಹನಿ ತರ ತಾವಾಗೇ ಕೂಡಲ್ಲ, ಒಂದನ್ನೊಂದು ದೂರ ತಳ್ತಾವೆ. ಹಾಗಾಗಿ ಚೀಲದ ಮೇಲೊಂದು ಪ್ರೋಟೀನು, ನರದ ಪೊರೆ ಕಡೆ ಎರಡು, ಮೂರೂ ಹೆಣಕೊಂಡು ಜಿಪ್ ಹಾಕಿದಂಗೆ ಎರಡು ಪೊರೆನೂ ಹತ್ರ ಎಳೀತಾವೆ. ಕ್ಯಾಲ್ಸಿಯಂ ಬಂತು ಅಂತ ತಿಳ್ಕೊಳ್ಳೋಕೆ ಸಿನಾಪ್ಟೋಟ್ಯಾಗ್ಮಿನ್ ಅನ್ನೋ ಪ್ರೋಟೀನು ಬೇರೆ. ಈ ಏರ್ಪಾಡು ಬಿಡಿಸಿದ್ದಕ್ಕೆ ರಾಥ್‌ಮನ್, ಶೆಕ್‌ಮನ್, ಸೂಡಾಫ್ ಮೂವರಿಗೆ 2013ರಲ್ಲಿ ನೊಬೆಲ್ ಬಂತು.

ಬೊಟಾಕ್ಸ್ ಮಾಡೋದು ಇಷ್ಟೇ, ಜಿಪ್ ಹಾಕೋ ಆ ಮೂರು ಪ್ರೋಟೀನಲ್ಲಿ ಸ್ನ್ಯಾಪ್-25 ಅನ್ನೋದನ್ನ ಕತ್ತರಿಸಿ ಹಾಕುತ್ತೆ. ಜಿಪ್ ಬೀಳಲ್ಲ, ಚೀಲ ತುಂಬಿದ್ದು ತುಂಬಿದ ಹಂಗೇ ನಿಂತಿರುತ್ತೆ, ರೆಪ್ಪೆಯ ಸ್ನಾಯುಗೆ ಬಿಗಿ ಅನ್ನೋ ಆರ್ಡರ್ ಮುಟ್ಟಲ್ಲ. ನರ ಸುಮ್ನಿರಲ್ಲ, ಪಕ್ಕದಲ್ಲಿ ಹೊಸ ಚಿಗುರು ಬಿಡುತ್ತೆ, ಆಮೇಲೆ ಒಳಗೆ ಸೇರಿದ ಔಷಧಿ ನಿಧಾನಕ್ಕೆ ಕರಗಿ ಹೊಸ ಸ್ನ್ಯಾಪ್-25 ಬಂದು ಹಳೇ ತುದಿನೇ ಕೆಲಸ ಶುರು ಮಾಡುತ್ತೆ. ಆಯಿಗೆ ಮೂರೂವರೆ ತಿಂಗಳಿಗೆ ತೊಂದ್ರೆ ವಾಪಸ್ ಬಂದಿದ್ದು ನರ ಬದುಕಿದೆ ಅನ್ನೋದಕ್ಕೇ ಗುರುತು.

ವರ್ಷಗಟ್ಟಲೆ ಕೊಡಿಸ್ತಾ ಇದ್ರೆ ಸ್ನಾಯು ಸ್ವಲ್ಪ ಸೊರಗಬಹುದು. ಮೂರು ತಿಂಗಳಿಗಿಂತ ಬೇಗ ಬೇಗ ಕೊಡಿಸಿದ್ರೆ ದೇಹ ಔಷಧಿ ವಿರುದ್ಧ ಪ್ರತಿಕಾಯ ಮಾಡ್ಕೊಂಡು ಇಂಜೆಕ್ಷನ್ ಹಿಡಿಯದೇ ಹೋಗೋ ಸಾಧ್ಯತೆನೂ ಇದೆ, ಅದ್ಕೇ ಡಾಕ್ಟರ್ ಅಷ್ಟು ಅಂತರ ಬಿಡೋದು. ರೆಪ್ಪೆ ಜೋತುಬಿದ್ರೆ ಡಾಕ್ಟರಿಗೆ ತಿಳಿಸಿ, ಸಾಮಾನ್ಯವಾಗಿ ಕೆಲವು ವಾರದಲ್ಲಿ ಸರಿ ಹೋಗುತ್ತೆ. ನುಂಗೋಕೆ, ಉಸಿರಾಡೋಕೆ ಕಷ್ಟ ಆದ್ರೆ ಮಾತ್ರ ಬೆಳಗಾಗ್ಲಿ ಅಂತ ಕಾಯ್ಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.