ತುರ್ತು ಕರೆಯ ಆ ಬದಿಯಲ್ಲಿ ವೈದ್ಯರು

ಪ್ರಶ್ನೆ: ಫ್ರಾನ್ಸಿನಲ್ಲಿ ಆಂಬುಲೆನ್ಸಿಗೆ ಫೋನ್ ಮಾಡಿದರೆ ವೈದ್ಯರೇ ಮಾತಾಡುತ್ತಾರಂತೆ. ಅದಕ್ಕೆ ತರಬೇತಿ ಹೇಗೆ? ನಮ್ಮ 108ರಲ್ಲೂ ವೈದ್ಯರಿದ್ದಾರಾ?
– ಎಂಬಿಬಿಎಸ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಅಲ್ಲಿ 15 ಒತ್ತಿದರೆ ಕರೆ ‘ಸಾಮು’ ಕೇಂದ್ರಕ್ಕೆ ಹೋಗುತ್ತದೆ. ಅದು ಆಸ್ಪತ್ರೆಯದೇ ಒಂದು ವಿಭಾಗ. ಮೊದಲು ಫೋನೆತ್ತುವವರು ತರಬೇತಾದ ಸಹಾಯಕರು. ವಿಳಾಸ, ಫೋನ್ ನಂಬರ್ ಮೊದಲು, ಉಳಿದದ್ದು ಆಮೇಲೆ. ಕರೆ ಕಟ್ಟಾದರೂ ಗಾಡಿ ಹೊರಡಬೇಕಲ್ಲ. ಹೃದಯ ನಿಂತಂತೆ ಕಂಡರೆ ವೈದ್ಯರ ಮಾತಿಗೂ ಕಾಯದೆ ಗಾಡಿ ಬಿಡುತ್ತಾರೆ. ಉಳಿದ ಕರೆಗಳಲ್ಲಿ ತೀರ್ಮಾನ ವೈದ್ಯರದು: ಸಲಹೆ ಸಾಕೇ, ಸಾದಾ ಆಂಬುಲೆನ್ಸೇ, ವೈದ್ಯರು, ನರ್ಸ್ ಇರುವ ‘ಸ್ಮೂರ್’ ಗಾಡಿಯೇ. ಹೃದಯಾಘಾತ ಖಚಿತವಾದರೆ ಕ್ಯಾಶುವಾಲ್ಟಿಯಲ್ಲಿ ತಡೆಯದೆ ನೇರ ಕ್ಯಾಥ್ ಲ್ಯಾಬಿಗೆ (ಹೃದಯದ ಕಟ್ಟಿಕೊಂಡ ರಕ್ತನಾಳ ತೆರೆಯುವ ಕೊಠಡಿ) ಸೇರಿಸುವ ಏರ್ಪಾಡೂ ಅವರದೇ.

ತುರ್ತು ವೈದ್ಯಕೀಯ ಅಲ್ಲಿ 2017ರಿಂದ 4 ವರ್ಷದ ಪ್ರತ್ಯೇಕ ಸ್ನಾತಕೋತ್ತರ ವಿಷಯ. ಕರೆ ನಿಭಾಯಿಸುವುದನ್ನು ಮಾತ್ರ ಪುಸ್ತಕದಿಂದ ಕಲಿಯಲಾಗದು. ಹಿರಿಯರ ಪಕ್ಕ ಕೂತು ಅವರ ಕರೆ ಕೇಳಬೇಕು, ಅಣಕು ಕರೆಗಳಲ್ಲಿ ಪಳಗಬೇಕು, ರೆಕಾರ್ಡಾದ ಕರೆಗಳನ್ನು ಮತ್ತೆ ಹಾಕಿ ಎಲ್ಲಿ ಎಡವಿದೆವೆಂದು ನೋಡಬೇಕು.

ಹೆಚ್ಚು ಎಡವುವುದು ಉಸಿರಿನ ವಿಷಯದಲ್ಲಿ. ‘ಪ್ರಜ್ಞೆ ಇಲ್ಲ, ಆದರೆ ಗೊರಕೆ ಹೊಡೀತಿದ್ದಾರೆ’ ಎಂದು ಮನೆಯವರು ಹೇಳುತ್ತಾರೆ. ಅದು ಹೃದಯ ನಿಂತ ಮೇಲಿನ ಕೊನೆಯುಸಿರಿನ ಎಳೆತವಿರಬಹುದು. ಅದಕ್ಕೇ ‘ಉಸಿರಾಡುತ್ತಿದ್ದಾರಾ?’ ಎಂದಷ್ಟೇ ಕೇಳಿ ಸುಮ್ಮನಾಗಬಾರದು. ರೋಗಿಯ ಹೊಟ್ಟೆ ಮೇಲೆ ಮನೆಯವರ ಕೈಯಿಡಿಸಿ, ಅದು ಏರಿದಾಗೆಲ್ಲ ‘ಈಗ’ ಅನ್ನಿಸಿ, ಗಡಿಯಾರ ನೋಡಿ. ಎರಡು ‘ಈಗ’ಗಳ ನಡುವೆ 6 ಸೆಕೆಂಡ್ ಮೀರಿದರೆ ನಿಮಿಷಕ್ಕೆ 10 ಉಸಿರೂ ಇಲ್ಲವೆಂದಾಯಿತು. ಪ್ರಜ್ಞೆ ಇಲ್ಲದವರಲ್ಲಿ ಇದನ್ನು ಹೃದಯ ನಿಂತಂತೆಯೇ ಎಣಿಸಿ, ಎದೆಯ ನಡುವೆ ನಿಮಿಷಕ್ಕೆ 100–120 ಬಾರಿ, 5–6 ಸೆಂ.ಮೀ. ಆಳಕ್ಕೆ ಒತ್ತಿಸಬೇಕು. ಗಾಡಿ ಬರುವವರೆಗೆ ಫೋನ್ ಇಡುವಂತಿಲ್ಲ.

ಇನ್ನೊಂದು ತಪ್ಪು, ಪಕ್ಕದವರ ಮಾತನ್ನಷ್ಟೇ ನಂಬುವುದು. ರೋಗಿ ಮಾತಾಡಬಲ್ಲರಾದರೆ ಅವರಿಗೇ ಫೋನ್ ಕೊಡಿಸಬೇಕು. ಒಂದು ವಾಕ್ಯ ಮುಗಿಸಲು ಎಷ್ಟು ಸಲ ಉಸಿರು ಎಳೆದುಕೊಳ್ಳುತ್ತಾರೆ ಎಂಬುದೇ ಅರ್ಧ ಪರೀಕ್ಷೆ.

ನಮ್ಮ 108 (ಕರ್ನಾಟಕದಲ್ಲಿ 2008ರಿಂದ) ವ್ಯವಸ್ಥೆಯಲ್ಲೂ ವೈದ್ಯರಿದ್ದಾರೆ. ಆದರೆ ಅವರ ಮುಖ್ಯ ಕೆಲಸ ಗಾಡಿಯಲ್ಲಿರುವ ಇಎಂಟಿಗೆ (ತುರ್ತು ಚಿಕಿತ್ಸಾ ತಂತ್ರಜ್ಞರಿಗೆ) ಫೋನಿನಲ್ಲಿ ಚಿಕಿತ್ಸೆಯ ಮಾರ್ಗದರ್ಶನ ನೀಡುವುದು. ಈ ವೈದ್ಯರಿಗೆ ನಾಡಿ, ಬಿಪಿ ಅಂಕಿಯಲ್ಲಿ ಸಿಗುತ್ತದೆ. ಫ್ರಾನ್ಸಿನ ವೈದ್ಯರಿಗೆ ಮೊದಲು ಸಿಗುವುದು ಗಾಬರಿಗೊಂಡ ಮನೆಯವರ ದನಿ.